ಸೂರ್ಯಕಾಂತಿ ಒಣಗಿದ್ದಕ್ಕೆ ಯಾರ ತಪ್ಪು

ಬೀಜದ ಚೀಲದ ಮೇಲೆ ಸೂರ್ಯಕಾಂತಿ ಎಂದೇ ಅಚ್ಚು ಹಾಕಿರುತ್ತಾರೆ. ಆದರೆ ನಮ್ಮೂರ ಹೊಲದಲ್ಲಿ ಅವು ಸೂರ್ಯನ ಕಡೆ ತಿರುಗುವುದಿಲ್ಲ. ವರ್ಷಕ್ಕೆ ಒಬ್ಬರನ್ನು ಹಿಡಿದುಕೊಂಡು ಅವರ ಕಡೆಗೇ ತಿರುಗುತ್ತವೆ. ಹೋದ ವರ್ಷ ಟೇಲರ್ ರಾಚಪ್ಪನನ್ನು ಹಿಡಿದಿದ್ದವು, ಅದರ ಹಿಂದಿನ ವರ್ಷ ಅಂಚೆಯವನ ಹೆಂಡತಿಯನ್ನು. ಈ ವರ್ಷ ನನ್ನನ್ನು ಹಿಡಿದವು.

ಹೊಲ ಇರುವುದು ಸಂತೆ ಮೈದಾನದ ಹಿಂದೆ. ಹನ್ನೆರಡು ಎಕರೆ. ಊರವರೆಲ್ಲ ಸೇರಿ ಬಿತ್ತುತ್ತೇವೆ, ಗಾಣ ಆಡಿಸಿ ಬಂದ ಎಣ್ಣೆಯನ್ನು ಎಲ್ಲರೂ ಒಯ್ಯುತ್ತೇವೆ. ಬಿತ್ತಿದ ಮೂವತ್ತೈದನೇ ದಿನದ ಹೊತ್ತಿಗೆ ಗಿಡದ ನೆತ್ತಿಯಲ್ಲಿ ಅಂಗಿಯ ಗುಂಡಿಯಷ್ಟು ಮೊಗ್ಗು ಕಾಣಿಸುತ್ತದೆ. ಅವತ್ತು ಬೆಳಿಗ್ಗೆ ಊರಿನ ಜನ ಒಬ್ಬರ ಹಿಂದೆ ಒಬ್ಬರು ಬದುವಿನ ಮೇಲೆ ನಡೆಯುತ್ತಾರೆ. ಮೊಗ್ಗುಗಳು ಯಾರ ಹಿಂದೆ ತಿರುಗುತ್ತವೆಯೋ ಅವರು ಆ ವರ್ಷ ಹೊಲ ನೋಡಿಕೊಳ್ಳಬೇಕು.

ನಾನು ಬೀಬಿಜಾನ್ ಚಾಚಿಯ ಬೆನ್ನ ಹಿಂದೆ ನಡೆಯುತ್ತಿದ್ದೆ. ಅವಳ ಮಂಡಕ್ಕಿ ಭಟ್ಟಿಯಲ್ಲಿ ನಾನು ಮರಳು ಜರಡಿ ಹಿಡಿಯುವ ಕೆಲಸ ಮಾಡುತ್ತೇನೆ. ಚಾಚಿ ಅಗಲವಾಗಿದ್ದಾಳೆ, ಅವಳ ಹಿಂದೆ ನಡೆದರೆ ನಾನು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಮೊಗ್ಗುಗಳು ತಿರುಗಿದಾಗ ಮೊದಲು ಎಲ್ಲರೂ ಚಾಚಿ ಎಂದೇ ತಿಳಿದರು. ಅವಳು ಕೈಯೆತ್ತಿ ನಮಸ್ಕಾರ ಕೂಡ ಮಾಡಿದಳು. ಆಮೇಲೆ ಅವಳು ಮುಂದೆ ಹೋದಳು, ನಾನು ಚಪ್ಪಲಿಯ ಹೆಬ್ಬೆರಳಿನ ಉಂಗುಷ್ಟ ಸರಿ ಮಾಡಿಕೊಳ್ಳಲು ನಿಂತೆ. ಮೊಗ್ಗುಗಳು ಚಾಚಿಯ ಜೊತೆ ಹೋಗಲಿಲ್ಲ.

"ಯವ್ವಾ, ಸಾವಂತ್ರಿ!" ಅಂದಳು ಚಾಚಿ. "ಹೋಗಿ ಹೋಗಿ ಮಾತೇ ಆಡದಾಕೀನ್ನ ಹಿಡದಾವಲ್ಲಬೇ!"

ನಾನು ಬದುವಿನಿಂದ ಕೆಳಗಿಳಿದು ಕೂತೆ. ಅವು ಕೆಳಗೆ ಬಾಗಿದವು. ಎದ್ದು ನಿಂತೆ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹನ್ನೆರಡು ಎಕರೆಯೂ ನಮ್ಮ ಮನೆಯ ಕಡೆ ತಿರುಗಿ ನಿಂತಿದೆ ಎಂದು ಆಮೇಲೆ ಬಂದವರು ಹೇಳಿದರು.

ಕೆಲಸ ಕಷ್ಟದ್ದಲ್ಲ. ಹೊತ್ತು ಮೂಡಿದಾಗ ಹೊರಟು ಬದುವಿನ ಮೇಲೆ ನಿಧಾನ ನಡೆಯಬೇಕು. ಒಂದು ದಿನಕ್ಕೆ ಒಂದು ಸುತ್ತು. ಒಂದೇ ಕಡೆ ಕೂತರೆ ಗಿಡಗಳ ಕುತ್ತಿಗೆ ಒಂದೇ ಕಡೆ ಸೆಟೆದುಕೊಳ್ಳುತ್ತದೆ, ಓಡಿದರೆ ಮುರಿಯುತ್ತದೆ. ಊರು ಬಿಟ್ಟು ಹೋಗುವಂತಿಲ್ಲ. ಹೊಲದ ಒಳಗೆ ಹೋಗಲು ಅನುಮತಿ ಇರುವುದು ಆ ವರ್ಷದವರಿಗೆ ಮಾತ್ರ. ನನಗೆ ಕಷ್ಟವಾದದ್ದು ನೋಡಿಸಿಕೊಳ್ಳುವುದು. ಚಿಕ್ಕಂದಿನಿಂದ ನಾನೇ ಮೂಲೆಯಲ್ಲಿ ನಿಂತು ಎಲ್ಲರನ್ನೂ ನೋಡುವವಳು. ಮೊದಲ ವಾರ ಸೆರಗು ಮುಖದ ಮೇಲೆ ಎಳೆದುಕೊಂಡು ನಡೆದು ಎರಡು ಸಲ ಕಾಲುವೆಯಲ್ಲಿ ಬಿದ್ದೆ.

ಚಾಚಿ ಮಧ್ಯಾಹ್ನ ಊಟ ತರುತ್ತಿದ್ದಳು. ಬದುವಿನ ಆಚೆ ನಿಂತು ಹೊಲವನ್ನು ಮೇಲಿನಿಂದ ಕೆಳಗೆ ನೋಡಿ ಹೇಳಿದಳು, "ನಿನ್ನ ನೋಡಾಕ ಇಷ್ಟು ಮಂದಿ ವರ ಬಂದಾರ, ಒಬ್ಬನಿಗೂ ಚಾ ಕೊಡಲಿಲ್ಲಲ್ಲ ನೀ."

ಇನ್ನು ತಪ್ಪಿನ ವಿಷಯ ಹೇಳಬೇಕು. ಬಿತ್ತಿದ ತೊಂಬತ್ತು ತೊಂಬತ್ತೈದನೇ ದಿನಕ್ಕೆ ಹೊಲ ಒಣಗಿ ಸಾಯುತ್ತದೆ. ಪ್ರತಿ ವರ್ಷವೂ ಸಾಯುತ್ತದೆ. ಆಗ ಆ ವರ್ಷದವರು ಗಾಣದ ಮುಂದಿನ ಕಟ್ಟೆಯ ಮೇಲೆ ನಿಂತು, ತಮ್ಮ ಯಾವ ತಪ್ಪಿನಿಂದ ಹೂವು ಸತ್ತವು ಎಂದು ಹೇಳಬೇಕು. ಹೇಳುವ ತನಕ ಒಂದು ತೆನೆಯನ್ನೂ ಕೊಯ್ಯುವಂತಿಲ್ಲ. ಹೇಳಿದ ಮೇಲೆ ಊರು ಕ್ಷಮಿಸುತ್ತದೆ. ಮರೆಯುವುದಿಲ್ಲ, ಅಷ್ಟೆ. ಕೇಳುವ ಹಿರಿಯರು ಹುಚ್ಚೀರಪ್ಪಜ್ಜ. ಅವರೂ ಹರೆಯದಲ್ಲಿ ಒಂದು ವರ್ಷ ಹೊಲ ನೋಡಿಕೊಂಡವರು. ಬದುವಿನ ಮೇಲೆ ಎಲೆಅಡಿಕೆ ಉಗುಳಿದ್ದೆ ಎಂದು ಒಪ್ಪಿಕೊಂಡು, ಅವತ್ತಿನಿಂದ ಐವತ್ತೆಂಟು ವರ್ಷ ಎಲೆ ಹಾಕಿಲ್ಲ. ಊರಲ್ಲಿ ಈಗ ಬದುಕಿರುವ ತಪ್ಪಿತಸ್ಥರು ಇಪ್ಪತ್ತೊಂದು ಮಂದಿ.

ಅವರಲ್ಲಿ ನನ್ನ ಅವ್ವ ಒಬ್ಬಳು. ಹತ್ತು ವರ್ಷದ ಹಿಂದೆ ಹೊಲ ಅವಳನ್ನು ಹಿಡಿದಿತ್ತು. ಅವ್ವ ಒಂದು ದಿನವೂ ತಪ್ಪಿಸದೆ ನಡೆದಳು. ಉಗುಳಲಿಲ್ಲ, ಓಡಲಿಲ್ಲ, ಯಾರ ಮನೆಗೂ ಹೋಗಲಿಲ್ಲ. ಕಟ್ಟೆಯ ಮೇಲೆ ನಿಂತಾಗ ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ. ಜನ ಕಾಯುತ್ತಿದ್ದರು, ಬಿಸಿಲು ಏರಿತ್ತು, ಗಿಳಿಗಳು ಆಗಲೇ ತೆನೆಗಳ ಮೇಲೆ ಇಳಿದಿದ್ದವು. ಕೊನೆಗೆ ಅವ್ವ, "ನಡಿಯೂವಾಗ ನನ್ನ ಮನಸು ಬ್ಯಾರೆ ಕಡೆ ಇತ್ತು" ಅಂದಳು. ಊರು ಕ್ಷಮಿಸಿತು. ಅಪ್ಪ ಮಾತ್ರ ಮನೆಗೆ ಬಂದು, ಎಲ್ಲಿತ್ತು ಮನಸು ಎಂದು ಕೇಳಿದ. ಅವ್ವ, ಎಲ್ಲೂ ಇರಲಿಲ್ಲ, ಸುಮ್ಮನೆ ಅಂದೆ ಎಂದಳು. ಕಟ್ಟೆಯ ಮೇಲೆ ಯಾರೂ ಸುಮ್ಮನೆ ಅನ್ನುವುದಿಲ್ಲ ಎಂದ ಅಪ್ಪ. ಮೂರನೇ ದಿನ ಒಳ್ಳೆಯ ಕಂಬಳಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಹೊಳೆಯಾಚೆಯ ದೊಡ್ಡಪ್ಪನ ಊರಿಗೆ ಹೋದ. ನಾನು ಆಗ ಆರನೇ ಇಯತ್ತೆ. ಶಾಲೆಯಲ್ಲಿ ಹುಡುಗಿಯರು ಅದೇ ಪ್ರಶ್ನೆ ಕೇಳತೊಡಗಿದರು. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ದಿನಾ ನಿಲ್ಲುವುದು ಬೇಡ ಎಂದು ನಾನು ಹೋಗುವುದನ್ನು ಬಿಟ್ಟೆ. ಅವ್ವ ರೊಟ್ಟಿ ಬಡಿದು ಖಾನಾವಳಿಗೆ ಕೊಡತೊಡಗಿದಳು, ನಾನು ಭಟ್ಟಿಗೆ ಹೋದೆ.

ಹೊಲ ನನ್ನನ್ನು ಹಿಡಿದ ಎರಡನೇ ವಾರ ರಾಚಪ್ಪ ಬದುವಿನ ಹತ್ತಿರ ಬಂದ. ಬೀಗರ ಮದುವೆಗೆ ಒಂದು ದಿನ ಊರು ಬಿಟ್ಟಿದ್ದೆ ಎನ್ನುವುದು ಅವನ ತಪ್ಪು. ಆಮೇಲೆ ಮದುವೆಯ ಬಟ್ಟೆಯನ್ನು ಯಾರೂ ಅವನಿಗೆ ಹೊಲಿಯಲು ಕೊಡುವುದಿಲ್ಲ. ವರ್ಷವಿಡೀ ತಲೆದಿಂಬಿನ ಚೀಲ ಮತ್ತು ಸಂತೆಯ ಚೀಲ ಹೊಲಿದಿದ್ದಾನೆ.

"ತಂಗೀ, ಈಗಿಂದನ ಒಂದು ಸಣ್ಣ ತಪ್ಪು ಹುಡುಕಿ ಇಟ್ಕೋ," ಅಂದ. "ಕಡೀಕ ಹುಡುಕಾಕ ಹೋದ್ರ ಗಾಬರ‍್ಯಾಗಿ ದೊಡ್ಡದು ಬಾಯಿಗೆ ಬರ್ತತಿ. ನಿಮ್ಮವ್ವಗ ಬಂತಲ್ಲ, ಹಂಗ."

"ಎಂಥಾದು ಇಟ್ಕೊಳ್ಳಲಿ?"

"ಸೀನಿದ್ದೆ ಅನ್ನು. ಬಾಳ ಅಂದ್ರ ಊರಾಗ ನಿನ್ನ ಮುಂದ ಯಾರೂ ಮೆಣಸಿನಕಾಯಿ ಹುರಿಯಂಗಿಲ್ಲ."

ಅವನ ಮಾತು ನನಗೆ ಸರಿ ಕಂಡಿತು. ಆದರೆ ಮಾಡದ ತಪ್ಪನ್ನು ಅಷ್ಟು ಜನರ ಮುಂದೆ ಹೇಳಲು ನನ್ನಿಂದ ಆಗುವುದಿಲ್ಲ, ನಾಲಿಗೆ ತಡವರಿಸುತ್ತದೆ. ಆದ್ದರಿಂದ ಮಾಡಿಯೇ ಹೇಳುವುದು ಎಂದುಕೊಂಡೆ. ಒಂದು ದಿನ ಹೊಲದ ಕಡೆ ಹೋಗದೆ ಭಟ್ಟಿಯಲ್ಲಿ ಕೂತೆ. ಮರುದಿನ ಹೋಗಿ ನೋಡಿದರೆ ಅವು ಭಟ್ಟಿಯ ಕಡೆ ಕತ್ತು ಮಾಡಿ ನಿಂತಿದ್ದವು, ಮಧ್ಯಾಹ್ನಕ್ಕೆ ಸರಿಹೋದವು. ಇನ್ನೊಂದು ದಿನ ಬೇಕೆಂದೇ ಏಳು ಸಲ ಸೀನಿದೆ. ಏನೂ ಆಗಲಿಲ್ಲ. ಬೈದು ನೋಡಿದೆ. ನನಗೆ ಬರುವ ಬೈಗುಳ ಕಡಿಮೆ, ಅದೂ ಮೆಲ್ಲಗೆ. ಅವು ಇನ್ನಷ್ಟು ಹತ್ತಿರಕ್ಕೆ ಬಾಗಿದವು. ತಪ್ಪು ಮಾಡುವುದೂ ಸುಲಭವಿಲ್ಲ ಎಂದು ಬಿಟ್ಟುಬಿಟ್ಟೆ. ಆಮೇಲೆ ಮಾಡಲು ಬೇರೆ ಕೆಲಸವಿಲ್ಲದೆ ಗಿಡಗಳನ್ನು ನೋಡತೊಡಗಿದೆ.

ಐವತ್ತೈದನೇ ದಿನಕ್ಕೆ ಹಳದಿ ಎಸಳು ಬಿಚ್ಚಿದವು. ಅರವತ್ತೆರಡನೇ ದಿನ ಬೆಳಿಗ್ಗೆ ನಾನು ಬದುವಿನ ಮೇಲೆ ಹತ್ತಿದಾಗ ಎಲ್ಲವೂ ಪೂರ್ವಕ್ಕೆ ಮುಖ ಮಾಡಿದ್ದವು. ನನ್ನ ಹಿಂದೆ ಯಾರಾದರೂ ಬಂದಿದ್ದಾರೇನೋ ಎಂದು ಹೊರಳಿ ನೋಡಿದೆ. ಉತ್ತರದ ಬದುವಿಗೆ ಹೋದೆ, ಅವು ಬರಲಿಲ್ಲ. ಪಶ್ಚಿಮಕ್ಕೆ ಹೋದೆ, ಅಲ್ಲಿಂದ ನನಗೆ ಕಂಡದ್ದು ಅವುಗಳ ಹಸಿರು ಬೆನ್ನು. ಅವತ್ತು ಮನಸ್ಸು ಹಗುರವಾಗಬೇಕಿತ್ತು, ಆಗಲಿಲ್ಲ. ಮನೆಗೆ ಬಂದು ಊಟ ಬೇಡ ಎಂದೆ. ಮರುದಿನ ಮತ್ತೆ ಹೋಗಿ ನಡೆದೆ. ಯಾರಿಗೂ ಹೇಳಲಿಲ್ಲ.

ಪ್ರತಿ ವರ್ಷ ಈ ಹೊತ್ತಿಗೆ ಹೀಗೇ ಆಗುತ್ತಿರಬೇಕು. ಇಲ್ಲಿಂದ ಆ ವರ್ಷದವರು ಹೂವು ನೋಡುವುದನ್ನು ಬಿಟ್ಟು ತಮ್ಮನ್ನು ತಾವು ನೋಡಿಕೊಳ್ಳಲು ಶುರು ಮಾಡುತ್ತಾರೆ. ನಾನೇನು ಮಾಡಿದೆ, ಯಾಕೆ ಮುಖ ತಿರುಗಿಸಿದವು ಎಂದು. ನನಗೂ ಹಾಗೇ ಆಯಿತು. ಆದರೆ ಮಾಡಬಹುದಾದ ತಪ್ಪುಗಳನ್ನೆಲ್ಲ ನಾನು ಆಗಲೇ ಮಾಡಿ ನೋಡಿಯಾಗಿತ್ತು. ಹಾಗಾಗಿ ಗಿಡಗಳ ಸಾಲಿನ ಒಳಗೆ ಹೋದೆ.

ದೂರದಿಂದ ಒಂದೇ ಹೂವು ಎಂದು ಕಾಣುವುದು ಒಂದು ಹೂವಲ್ಲ. ನಡುವಿನ ಕಪ್ಪು ಬಟ್ಟಲಿನಲ್ಲಿ ಅಕ್ಕಿಕಾಳಿಗಿಂತ ಸಣ್ಣ ಹೂವುಗಳು ಸಾವಿರಕ್ಕೂ ಹೆಚ್ಚು ಇರುತ್ತವೆ. ಅಂಚಿನವು ಮೊದಲು ಅರಳುತ್ತವೆ, ಮರುದಿನ ಒಳಗಿನ ಸುತ್ತು, ಅದರ ಮರುದಿನ ಇನ್ನೂ ಒಳಗಿನದು. ಜೇನುಹುಳು ಬಂದು ಹೋದ ಮೇಲೆ ಒಂದೊಂದರ ಬುಡದಲ್ಲಿ ಒಂದೊಂದು ಬೀಜ. ದಿನಕ್ಕೊಂದು ಬೀಜ ಕಚ್ಚಿ ನೋಡಿದೆ. ಮೊದಲು ಸಿಪ್ಪೆಯೊಳಗೆ ಏನೂ ಇರಲಿಲ್ಲ. ಆಮೇಲೆ ನೀರು, ಆಮೇಲೆ ಹಾಲು, ಆಮೇಲೆ ಮೆತ್ತನೆಯ ತಿರುಳು. ತಿರುಳು ಗಟ್ಟಿಯಾಗುತ್ತ ಬಂದಂತೆ ಬುಡದ ಎಲೆಗಳು ಹಣ್ಣಾದವು, ಅವುಗಳ ಮೇಲಿನವು, ಅದರ ಮೇಲಿನವು. ಒಣಗುವುದು ಕೆಳಗಿನಿಂದ ಮೇಲಕ್ಕೆ ಹತ್ತುತ್ತಿತ್ತು, ಮನೆ ಖಾಲಿ ಮಾಡುವವರು ಹಿಂದಿನ ಕೋಣೆಯಿಂದ ಶುರು ಮಾಡುವ ಹಾಗೆ. ತೆನೆಯ ಬೆನ್ನು ಹಸಿರಿನಿಂದ ನಿಂಬೆಹಣ್ಣಿನ ಬಣ್ಣಕ್ಕೆ ಬಂತು. ಭಾರಕ್ಕೆ ಕುತ್ತಿಗೆ ಬಾಗಿತು. ಎಸಳು ಉದುರಿದವು. ಎಂಬತ್ತೆಂಟನೇ ದಿನ ಕಚ್ಚಿದ ಬೀಜದಲ್ಲಿ ಎಣ್ಣೆಯಿತ್ತು. ಆ ವಾರವೇ ಹೊಲ ಕಂದಿತು.

ಮೂಲೆಯಲ್ಲಿ ಒಂದು ಗಿಡ ಮಾತ್ರ ಕಂದಲಿಲ್ಲ. ಮೊಗ್ಗು ಬಂದ ದಿನವೇ ಗಾಣದ ಎತ್ತು ಅದರ ನೆತ್ತಿಯನ್ನು ಕಡಿದುಕೊಂಡು ಹೋಗಿತ್ತು. ಅದಕ್ಕೆ ತೆನೆ ಇಲ್ಲ, ಬೀಜ ಇಲ್ಲ. ಸುತ್ತಲಿನದೆಲ್ಲ ಕಂದು ಬಣ್ಣಕ್ಕೆ ತಿರುಗಿದಾಗಲೂ ಅದು ಎಲೆ ಅಗಲ ಮಾಡಿಕೊಂಡು ಹಸಿರಾಗಿ ನಿಂತಿತ್ತು. ನಾನು ಅದರ ಮುಂದೆ ಬಹಳ ಹೊತ್ತು ಕೂತೆ. ಅದನ್ನೂ ನಾನೇ ನೋಡಿಕೊಂಡಿದ್ದೆ. ನನ್ನ ತಪ್ಪಿನಿಂದ ಸಾಯುವುದಾದರೆ ಅದೂ ಸಾಯಬೇಕಿತ್ತು.

ಕಟ್ಟೆಯ ದಿನಕ್ಕೆ ಎರಡು ದಿನ ಇರುವಾಗ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಅವು ನನ್ನಿಂದ ಸಾಯಲಿಲ್ಲ. ಬೀಜ ತುಂಬಾಕ ಮೈಯಾಗ ಇದ್ದದ್ದೆಲ್ಲ ಕೊಟ್ಟುಬಿಡ್ತಾವು. ತುಂಬಿದ ಮ್ಯಾಲೆ ಇರಾಕ ಏನೂ ಉಳಿಯಂಗಿಲ್ಲ. ಅದಕ್ಕ ಸಾಯ್ತಾವು. ಪ್ರತಿ ವರ್ಷನೂ ಅಷ್ಟ."

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು.

"ಹಂಗಾರ ಆ ವರ್ಷ ನನ್ನಿಂದ?"

"ನಿನ್ನಿಂದಾನೂ ಅಲ್ಲ."

ಅವಳು ಇನ್ನೊಂದು ರೊಟ್ಟಿ ಬಡಿದು ಮುಗಿಸಿದಳು. ಆಮೇಲೆ, "ಸೀನಿದ್ದೆ ಅಂತ ಹೇಳಿ ಇಳದು ಬಾ" ಅಂದಳು.

"ಸುಳ್ಳಾಗ್ತತಿ."

"ಆಗ್ಲಿ. ನಂದು ಖರೇ ಅಂತನ ಇರಲಿ ಬಿಡು. ನನ್ನ ಮನಸು ಹೋಗಿತ್ತು, ಅದಕ್ಕ ಹೊಲ ಸತ್ತಿತು, ಅದಕ್ಕ ನಿಮ್ಮಪ್ಪ ಹ್ವಾದ. ಹಿಂಗಿದ್ರ ಅವ ಹೋಗಿದ್ದಕ್ಕ ಒಂದು ಕಾರಣ ಇರ್ತತಿ. ಅದನ್ನೂ ಕಿತ್ಕೊಂಡ್ರ ನನ್ನ ಕಡೆ ಏನು ಉಳೀತು ಸಾವಂತ್ರಿ?"

ಹಂಚಿನ ಮೇಲಿನ ರೊಟ್ಟಿಯನ್ನು ನಾನೇ ತಿರುವಿ ಹಾಕಿದೆ. ಹತ್ತು ವರ್ಷ ಅವಳು ಆ ಒಂದು ಮಾತಿನ ಮೇಲೆ ಕಾಲೂರಿ ನಿಂತಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಬದುಕುತ್ತಿದ್ದಾಳೆ ಎಂದೇ ತಿಳಿದಿದ್ದೆ. ಆ ಎರಡು ದಿನ ನಾನು ಮನಸ್ಸಿನಲ್ಲೇ ಸೀನಿದ್ದೆ, ಸೀನಿದ್ದೆ ಎಂದು ಹೇಳಿಕೊಂಡು ತಿರುಗಿದೆ. ಬಾಯಿಪಾಠ ಚೆನ್ನಾಗಿಯೇ ಆಯಿತು.

ಕಟ್ಟೆಯ ದಿನ ಬೆಳಿಗ್ಗೆ ಹೊಲಕ್ಕೆ ಹೋಗಿ ಒಂದು ಒಣಗಿದ ಗಿಡವನ್ನೂ ಮೂಲೆಯ ಹಸಿರು ಗಿಡವನ್ನೂ ಬೇರುಸಹಿತ ಕಿತ್ತೆ. ಯಾಕೆ ಕಿತ್ತೆ ಎಂದು ಕೇಳಿದರೆ ಆಗ ನನಗೇ ಹೇಳಲು ಬರುತ್ತಿರಲಿಲ್ಲ. ಎರಡನ್ನೂ ಹೆಗಲ ಮೇಲೆ ಹೊತ್ತು ಗಾಣದ ಹತ್ತಿರ ಬಂದಾಗ ಜನ ಸೇರಿದ್ದರು. ಕುಡುಗೋಲುಗಳನ್ನು ಮಸೆದು ತಂದು ಕಟ್ಟೆಗೆ ಒರಗಿಸಿದ್ದರು. ಹೊಲದ ಮೇಲೆ ಗಿಳಿಗಳ ಗದ್ದಲ ಇಲ್ಲಿಗೇ ಕೇಳುತ್ತಿತ್ತು. ಅವ್ವ ಹೆಂಗಸರ ನಡುವೆ, ಚಾಚಿಯ ಪಕ್ಕದಲ್ಲಿ ಕೂತಿದ್ದಳು.

"ಸಾವಂತ್ರಿ," ಅಂದರು ಹುಚ್ಚೀರಪ್ಪಜ್ಜ, "ಹೂವು ಸತ್ತಾವು. ಯಾವ ತಪ್ಪಿಗೆ ಸತ್ತಾವು ಹೇಳವಾ."

ಎಲ್ಲರೂ ನನ್ನನ್ನು ನೋಡಿದರು. ಸೀನಿದ್ದೆ ಎನ್ನಲು ಬಾಯಿ ತೆರೆದೆ. ಹೆಗಲ ಮೇಲಿನ ಎರಡು ಗಿಡಗಳು ತೂಕದಲ್ಲಿ ಒಂದೇ ಸಮ ಇರಲಿಲ್ಲ, ಭುಜ ಒಂದು ಕಡೆ ವಾಲುತ್ತಿತ್ತು. ಎರಡನ್ನೂ ಕಟ್ಟೆಯ ಮೇಲೆ ಇಳಿಸಿದೆ.

"ತಪ್ಪಿಲ್ಲ ಅಜ್ಜಾ," ಅಂದೆ.

"ಗಟ್ಟಿ ಹೇಳು," ಎಂದು ಹಿಂದಿನಿಂದ ಯಾರೋ ಕೂಗಿದರು.

"ತಪ್ಪಿಲ್ಲ. ಇದು ಬೀಜ ತುಂಬಿತು, ಒಣಗಿತು. ಇದಕ್ಕ ಬೀಜ ಆಗಲಿಲ್ಲ, ಇನ್ನೂ ಹಸರ ಐತಿ. ಎರಡನ್ನೂ ನಾನ ನೋಡಿಕೊಂಡಿದ್ದೆ. ಬೀಜ ತುಂಬೋದು ಅಂದ್ರ ಅವಕ್ಕ ಸಾಯೋದ. ಯಾರು ನಡದ್ರೂ ಅಷ್ಟ, ಹೆಂಗ ನಡದ್ರೂ ಅಷ್ಟ."

ನನ್ನ ಜೀವನದಲ್ಲಿ ಒಂದೇ ಉಸಿರಿಗೆ ಆಡಿದ ದೊಡ್ಡ ಮಾತು ಅದು. ಆಮೇಲೆ ನೀರು ಕುಡಿಯಬೇಕು ಅನ್ನಿಸಿತು, ಯಾರೂ ಕೊಡಲಿಲ್ಲ. ಜನ ಹಸಿರು ಗಿಡವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಎಲೆ ಹಿಸುಕಿ ನೋಡಿದರು. ಅಜ್ಜ ಒಣಗಿದ ತೆನೆಯಿಂದ ಒಂದು ಬೀಜ ಕಿತ್ತು ಕಟ್ಟಿಸಿಕೊಂಡ ಹಲ್ಲಿನಲ್ಲಿ ಕಡಿದರು.

ಮೊದಲು ಎದ್ದವನು ರಾಚಪ್ಪ. "ಹಂಗಾರ ನಾ ಮದಿವಿಗೆ ಹೋಗಿದ್ದು?"

"ಮದಿವಿಗೆ ಹೋಗಿದ್ದಿ ಅಷ್ಟ, ಅಣ್ಣಾ."

ರಾಚಪ್ಪ ಸುತ್ತ ನೋಡಿದ. "ಒಂದು ವರ್ಷ ನನ್ನ ಕಡೆ ಚೀಲ ಹೊಲಿಸಿದಿರಲ್ಲೋ," ಅಂದ. ಯಾರನ್ನು ಉದ್ದೇಶಿಸಿ ಅಂದ ಎಂದು ತಿಳಿಯದೆ ಎಲ್ಲರೂ ಪಕ್ಕದವರನ್ನು ನೋಡಿದರು.

ಅಂಚೆಯವನ ಹೆಂಡತಿ ಎದ್ದು, ತಾನು ಹೊಲದ ಹತ್ತಿರ ಹಾಡಿದ್ದಕ್ಕೆ ಏನಾದರೂ ಆಯಿತೇ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಅಲ್ಲೇ ಅತ್ತಳು. ಇನ್ನೊಬ್ಬ ಮುದುಕನಿಗೆ ಸಿಟ್ಟು ಬಂತು. ಬದುವಿನ ಮೇಲೆ ನಿದ್ದೆ ಮಾಡಿದ ತಪ್ಪಿಗೆ ಇಪ್ಪತ್ತೆರಡು ವರ್ಷ ಬರಿ ನೆಲದ ಮೇಲೆ ಮಲಗಿ ಸೊಂಟ ಹಿಡಿದಿದೆ, ಈಗ ತಪ್ಪೇ ಇರಲಿಲ್ಲ ಎಂದರೆ ಸೊಂಟವನ್ನು ಏನು ಮಾಡಲಿ ಎಂದ. ಹುಚ್ಚೀರಪ್ಪಜ್ಜ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ನನ್ನ ಕಡೆ ಬಾಗಿ, ಮೆಲ್ಲಗೆ ಕೇಳಿದರು: "ಉಗುಳಿದ್ದಕ್ಕೂ ಅಲ್ಲೇನು?"

"ಉಗುಳಬಾರದು ಅಜ್ಜಾ. ಆದ್ರ ಅದರಿಂದ ಅಲ್ಲ."

ಅಜ್ಜ ಹಿಂದಕ್ಕೆ ಒರಗಿ ಕೂತರು. ಆಮೇಲೆ ಯಾರ ಹತ್ತಿರವಾದರೂ ಎಲೆಅಡಿಕೆ ಇದೆಯೇ ಎಂದು ಕೇಳಿದರು.

ನಾನು ಅವ್ವನ ಕಡೆ ನೋಡಲು ಹೆದರಿ ಕಟ್ಟೆಯ ಕಲ್ಲನ್ನೇ ನೋಡುತ್ತಿದ್ದೆ. ಅವಳು ಏನಾದರೂ ಕೇಳುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಎದ್ದು ನಿಂತಳು, ಸೆರಗು ಸಿಕ್ಕಿಸಿದಳು. "ಹಂಗಾರ ಅವ ಹೋಗಬೇಕಂತನ ಹ್ವಾದ," ಅಂದಳು. ಅದನ್ನು ಯಾರಿಗೂ ಹೇಳಿದಂತಿರಲಿಲ್ಲ, ರೊಟ್ಟಿ ಎಣಿಸಿ ಇಷ್ಟಾದವು ಎನ್ನುವ ಹಾಗಿತ್ತು. ಕಟ್ಟೆಗೆ ಒರಗಿಸಿದ್ದ ಒಂದು ಕುಡುಗೋಲು ತೆಗೆದುಕೊಂಡು ಹೊಲದ ಕಡೆ ನಡೆದಳು. ಅಜ್ಜ ಇನ್ನೂ ಕ್ಷಮಿಸಿರಲಿಲ್ಲ. ಯಾರನ್ನು ಕ್ಷಮಿಸಬೇಕು ಎಂದು ಅವರಿಗೂ ಗೊತ್ತಾಗಿರಲಿಕ್ಕಿಲ್ಲ. ಅವ್ವ ಮೊದಲ ಸಾಲಿನ ಹತ್ತು ತೆನೆ ಕೊಯ್ಯುವ ಹೊತ್ತಿಗೆ ಉಳಿದವರೂ ಬಂದರು.

ನಾಲ್ಕು ದಿನ ಕೊಯ್ಲು ನಡೆಯಿತು. ಆ ನಾಲ್ಕು ದಿನವೂ ಅವ್ವ ನನ್ನ ಹತ್ತಿರ ಮಾತಾಡಲಿಲ್ಲ. ಊಟ ಬಡಿಸಿದಳು, ಹಾಸಿಗೆ ಹಾಸಿದಳು, ಅಷ್ಟೆ. ಐದನೇ ದಿನ ಕಣದಲ್ಲಿ ತೆನೆ ಬಡಿಯುವಾಗ ಚಾಚಿ ಏನೋ ಹೇಳಿದಳು, ಅವ್ವ ನಕ್ಕಳು. ಚಾಚಿ ಹೇಳಿದ್ದು ನನಗೆ ಕೇಳಿಸಲಿಲ್ಲ. ನಕ್ಕಾಗ ಅವಳ ಎಡಗಡೆಯ ಎರಡು ಹಲ್ಲು ಇಲ್ಲದ್ದು ಕಾಣಿಸಿತು. ಅವು ಯಾವಾಗ ಬಿದ್ದವೋ ನನಗೆ ಗೊತ್ತೇ ಇರಲಿಲ್ಲ. ಅವತ್ತು ಮನೆಗೆ ಬರುವಾಗ ಅವಳು, "ನಾಳೆ ಭಟ್ಟಿಗೆ ಹೋಗ್ತಿಯೋ, ಇನ್ನೂ ರಾಣಿಯಂಗ ಬದುವಿನ ಮ್ಯಾಲೆ ತಿರಗ್ತಿಯೋ?" ಎಂದು ಕೇಳಿದಳು. ಹೋಗುತ್ತೇನೆ ಎಂದೆ.

ಸುದ್ದಿ ಹೊಳೆ ದಾಟಲು ಒಂದು ತಿಂಗಳು ಹಿಡಿಯಿತು. ಒಂದು ಮಧ್ಯಾಹ್ನ ಅಪ್ಪ ಬಂದ. ಕೂದಲು ಬೆಳ್ಳಗಾಗಿತ್ತು. ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತ. ನಾನು ನೀರು ಕೊಟ್ಟೆ. ಅವನಿಗೆ ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಖಾನಾವಳಿಗೆ ಇನ್ನೂ ನಲವತ್ತು ರೊಟ್ಟಿ ಬಾಕಿ ಇತ್ತು.

"ಎಲ್ಲಾ ಕೇಳಿದೆ," ಅಂದ ಅಪ್ಪ. "ತಪ್ಪು ಇರಲಿಲ್ಲಂತಲ್ಲ. ಹಂಗಾರ ನಿನ್ನ ಮನಸು ಎಲ್ಲೂ ಹೋಗಿರಲಿಲ್ಲ, ಫಕೀರವ್ವ."

ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಬಡಿದು ಮುಗಿಸಿ ಹಂಚಿಗೆ ಹಾಕಿದಳು.

"ಆವಾಗ ಹೋಗಿರಲಿಲ್ಲ," ಅಂದಳು.

ಅಪ್ಪ ಅದನ್ನು ಕೇಳಿಸಿಕೊಂಡು ನಿಂತ. ಇನ್ನೊಂದು ಮಾತು ಬರಬಹುದು ಎಂದು ಕಾದಂತಿತ್ತು. ತಂಬಿಗೆಯ ನೀರನ್ನೆಲ್ಲ ಕುಡಿದ. ಆಮೇಲೆ ಗೋಡೆಯ ಕಡೆ ನೋಡುತ್ತ, ಆಚೆ ದಡಕ್ಕೆ ಕೊನೆಯ ಹರಿಗೋಲು ಎಷ್ಟು ಗಂಟೆಗೆ ಎಂದು ಕೇಳಿದ.

ಅವ್ವ ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು. ನಾಲ್ಕೂವರೆಗೆ ಎಂದು ನಾನೇ ಹೇಳಿದೆ.